ಇದಕ್ಕಿಂತ ಮೊದಲಲ್ಲ

ಗುರೂಜಿ ತೀರಿಕೊಂಡ ಸುದ್ದಿ ಬಂದಾಗ ನಾನು ಮೊದಲು ಕೇಳಿದ್ದು "ಎಲ್ಲಿ?" ಎಂದು. ಹೇಗೆ ಎಂದು ಕೇಳಲಿಲ್ಲ, ಯಾವಾಗ ಎಂದೂ ಕೇಳಲಿಲ್ಲ. ಫೋನ್ ಮಾಡಿದವನು ಅವರ ಹೆಂಡತಿಯ ತಮ್ಮ, ಉದಗೀರಿನಲ್ಲಿ ಮನೆ ಕಟ್ಟುವ ಗೌಂಡಿ. ನಾನು ಯಾಕೆ ಹಾಗೆ ಕೇಳಿದೆ ಎಂಬುದು ಅವನಿಗೆ ತಿಳಿಯಿತು.

"ಮನ್ಯಾಗೇ ರೀ ಬಾಯಾರ. ಸ್ಲ್ಯಾಬಿನ ಕೆಳಗ. ಮಲ್ಕೊಂಡಲ್ಲೇ ಹೋಗ್ಯಾರ" ಎಂದ.

ಬೇರೆ ಊರಿನವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಕ್ಕಿಲ್ಲ. ಮನುಷ್ಯ ಮನೆಯೊಳಗೆ ಮಲಗುತ್ತಾನೆ, ಒಂದು ದಿನ ಏಳುವುದಿಲ್ಲ. ಆದರೆ ಉಮರ್ಗಾದಲ್ಲಿ ಅವರನ್ನು ಬಲ್ಲವರಿಗೆಲ್ಲ ಗೊತ್ತಿತ್ತು, ತೊಂಬತ್ತಮೂರರ ಭೂಕಂಪವಾದ ದಿನದಿಂದ ವರ್ಷಾನುಗಟ್ಟಲೆ ಈ ಮನುಷ್ಯ ಭಾರದ ಛಾವಣಿಯ ಕೆಳಗೆ ಕಣ್ಣು ಮುಚ್ಚಿದವರಲ್ಲ ಎಂದು. ಕೊನೆಗೆ ಹೋಗುವಾಗ ಮಾತ್ರ ತಲೆಯ ಮೇಲೆ ಕಾಂಕ್ರೀಟು ಹೊತ್ತುಕೊಂಡೇ ಹೋದರು.

ಮಣ್ಣು ಮಾಡುವ ಹೊತ್ತಿಗೆ ಹೋದೆ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ತಲೆ ವಾಲದಂತೆ ಒಂದು ಬಿಳಿ ಬಟ್ಟೆಯಿಂದ ಗೋಡೆಯ ಮೊಳೆಗೆ ಕಟ್ಟುತ್ತೇವೆ. ಗುರೂಜಿಯನ್ನು ಪಡಸಾಲೆಯ ಮೂಡಣ ಗೋಡೆಗೆ ಕೂರಿಸಿದ್ದರು. ಬಂದವರಲ್ಲಿ ಒಬ್ಬರು "ಮೊಳೆ ಹೊಡೀಬೇಕೇನು?" ಎಂದು ಕೇಳಿದ್ದಕ್ಕೆ ಗೌಂಡಿ ತಲೆಯಾಡಿಸಿ, "ಬ್ಯಾಡ. ಅದ ಅಲ್ಲಿ" ಎಂದ. ಆ ಇಡೀ ಮನೆಯ ಗೋಡೆಗಳಲ್ಲಿ ಇದ್ದದ್ದು ಅದೊಂದೇ ಮೊಳೆ.

ನಾನು ಕಲಬುರಗಿ ಕಡೆಯವಳು, ಗಡಿಯಾಚೆಯ ಗುಂಜೋಟಿಗೆ ಸೊಸೆಯಾಗಿ ಬಂದವಳು. ಉಮರ್ಗಾದ ಕನ್ನಡ ಶಾಲೆಯಲ್ಲಿ ಕನ್ನಡ ಕಲಿಸಲು ಸೇರಿದಾಗ ಅವರು ಅಲ್ಲಿ ವಿಜ್ಞಾನ, ಭೂಗೋಳ ಎರಡನ್ನೂ ನೋಡಿಕೊಳ್ಳುತ್ತಿದ್ದರು. ಆ ಕಡೆ ಮಾಸ್ತರರೆಂದರೆ ಗುರೂಜಿ, ಶಿಕ್ಷಕಿಯರೆಂದರೆ ಬಾಯಾರು. ಮೊದಲ ದಿನವೇ ತಿಳಿಯದೆ ಅವರ ಕುರ್ಚಿಯಲ್ಲಿ ಕೂತುಬಿಟ್ಟೆ. ಉದ್ದನೆಯ ಆಳು, ಒಳಹೋದ ಎದೆ, ತೋಳು ಮಡಚಿದ ಬಿಳಿ ಅಂಗಿ. ಬಂದು ನನ್ನ ಮುಂದೆ ನಿಂತರು.

"ಬಾಯಾರ, ಆ ಖುರ್ಚಿ ಒಂದ್ ಬಿಟ್ಟು ಯಾವ್ದರೆ ತಗೋರಿ."

ಹಿರಿತನದ ಗತ್ತು ಎಂದುಕೊಂಡು ನಾನು ಸಿಟ್ಟಿನಿಂದಲೇ ಎದ್ದೆ. ಅದು ಬಾಗಿಲಿಗೆ ಹತ್ತಿದ ಕುರ್ಚಿ, ಅಲ್ಲಿ ಕೂತವರು ಒಂದೇ ಹೆಜ್ಜೆಗೆ ಹೊರಗಿರಬಹುದು ಎಂಬುದು ತಲೆಗೆ ಹೋಗಲು ನನಗೆ ಕೆಲವು ದಿನ ಹಿಡಿಯಿತು. ಮದುವೆಗಳಿಗೆ ಬಂದರೂ ಹಾಗೆಯೇ. ಮಂಟಪ ಬಯಲಲ್ಲಿದ್ದರೆ ಅಂಚಿನ ಸಾಲಿನಲ್ಲಿ ಕೂತು ಊಟ ಮಾಡುವರು. ಮಂಗಲ ಕಾರ್ಯಾಲಯದ ಹಾಲ್ ಆದರೆ ಗೇಟಿನಲ್ಲೇ ಅಕ್ಷತೆ ಹಾಕಿ, ಉಡುಗೊರೆ ಕೊಟ್ಟು, ಉಪವಾಸ ಹಿಂತಿರುಗುವರು. ಸೊಕ್ಕಿನ ಮನುಷ್ಯ ಎಂದು ಎಷ್ಟೋ ಜನ ಅಂದುಕೊಂಡಿದ್ದರು. ಬಸ್ಸಿನಲ್ಲಿ ಮಾತ್ರ ಬೇರೆಯೇ ಆಸಾಮಿ. ಹುಮನಾಬಾದ ಕಡೆ ಹೊರಟರೆ ಪಕ್ಕದ ತುರೋರಿ ಬರುವ ಮೊದಲೇ ಗೊರಕೆ. ಅಷ್ಟು ಸದ್ದು, ಅಷ್ಟು ಕುಲುಕಾಟದ ನಡುವೆ ಹೇಗೆ ನಿದ್ದೆ ಬರುತ್ತದೆ ಎಂದು ಒಮ್ಮೆ ಕೇಳಿದೆ. "ಬಸ್ಸಿಗಿ ಪಾಯಾ ಇರಲ್ಲ ನೋಡ್ರಿ. ಅಲುಗಾಡೂದು ಅದ್ರ ಧರ್ಮ. ಅಲುಗಾಡಬಾರದ್ದು ಅಲುಗಾಡಿದ್ರ ಅಂಜಬೇಕು" ಎಂದರು.

ತರಗತಿಯ ಮೇಜಿನ ಮೇಲೆ ಅವರದೊಂದು ತಾಮ್ರದ ತಂಬಿಗೆ ಇರುತ್ತಿತ್ತು, ಕಂಠದವರೆಗೆ ನೀರು. ಕುಡಿಯುವುದಕ್ಕಲ್ಲ. ಪಾಠದ ನಡುನಡುವೆ ಅವರ ಕಣ್ಣು ನೀರಿನ ಮೇಲೆ ಹೋಗಿ ಬರುತ್ತಿತ್ತು. ಮುಂದಿನ ಸಾಲಿನ ಹುಡುಗಿಯರು ಒಂದು ದಿನ ಬೇಕೆಂದೇ ಕಾಲಿನಿಂದ ಮೇಜನ್ನು ಒದ್ದರು. ನೀರು ನಡುಗಿತು. ಕ್ಷಣದಲ್ಲಿ ಇಡೀ ವರ್ಗ ಮೈದಾನದಲ್ಲಿತ್ತು. ಮುಖ್ಯೋಪಾಧ್ಯಾಯರು ಓಡಿ ಬಂದರು, ನಾವೂ ಬಂದೆವು. ಸತ್ಯ ಹೊರಬಿದ್ದ ಮೇಲೆ ಹುಡುಗಿಯರಿಗೆ ನಾಲ್ಕು ಬೀಳುತ್ತವೆ ಎಂದುಕೊಂಡಿದ್ದೆ. ಗುರೂಜಿ ಬೈಯಲಿಲ್ಲ. "ಛಲೋ ಓಡಿದ್ರಿ. ಒಬ್ಬರೂ ಪುಸ್ತಕ ತಗೊಳ್ಳಲಾಕ ನಿಂದ್ರಲಿಲ್ಲ" ಎಂದು ಮೆಚ್ಚಿಕೊಂಡು ತಂಬಿಗೆಗೆ ಮತ್ತೆ ನೀರು ತುಂಬಲು ಹೋದರು. ನಾವೆಲ್ಲ ನಕ್ಕೆವು.

ಸ್ಟಾಫ್ ರೂಮಿನ ಹೊರಗೋಡೆಯಲ್ಲಿ ಒಂದು ಕಪ್ಪುಹಲಗೆ ಇದೆ. ದಿನಕ್ಕೊಂದು ಒಳ್ಳೆಯ ಮಾತು ಬರೆಯುವ ಕೆಲಸ ಕನ್ನಡದವಳೆಂದು ನನಗೆ ಅಂಟಿತ್ತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಮಾತಿನ ಕೆಳಗೆ ಗೀಟು ಎಳೆದು, "ಮುಂದೆ ಹಾರಲಿರುವ ರಾಕೆಟ್‌ಗಳು" ಎಂದು ಬರೆದಿತ್ತು. ಯಾವ ದೇಶದ್ದು, ಯಾವ ಉಪಗ್ರಹ, ಯಾವ ತಾರೀಖು. ಶುರುವಿನಲ್ಲಿ ಹಲಗೆಯ ಕಾಲುಭಾಗ ಗುರೂಜಿಯದು. ಬರಬರುತ್ತ ಗೀಟು ಮೇಲೇರಿ, ನನ್ನ ಒಳ್ಳೆಯ ಮಾತುಗಳು ಒಂದೇ ಸಾಲಿಗೆ ಇಳಿದವು. ತಾರೀಖು ಬದಲಾದಾಗ ಅವರು ಡಸ್ಟರ್ ಮುಟ್ಟುತ್ತಿರಲಿಲ್ಲ. ಎಡಗೈ ಹೆಬ್ಬೆರಳಿನಿಂದ ಒರೆಸಿ, ಅದೇ ಮಸುಕಿನ ಮೇಲೆ ಹೊಸ ತಾರೀಖು ಬರೆಯುವರು. ಆ ಹೆಬ್ಬೆರಳು ಯಾವಾಗಲೂ ಬಿಳಿ. ಊಟಕ್ಕೆ ಕೂತಾಗಲೂ ಬಿಳಿ.

"ಗುರೂಜಿ, ಬಸ್ಸಿನ ಟೈಮ್ ಬರೀರಿ. ಮಕ್ಕಳಿಗರೆ ಉಪಯೋಗ ಆಗ್ತದ" ಎಂದು ಮುಖ್ಯೋಪಾಧ್ಯಾಯರು ಚೇಷ್ಟೆ ಮಾಡಿದರೆ, "ಬಸ್ ಬರ್ತಾವ ಸಾಹೇಬ್ರ, ಅವು ಬಂದೇ ಬರ್ತಾವ" ಎನ್ನುವರು.

ತಾರೀಖಿನ ಎದುರು ಅವರು ಬರೆಯುತ್ತಿದ್ದ ಮಾತು ಒಂದೇ: ಇದಕ್ಕಿಂತ ಮೊದಲಲ್ಲ. ನನಗೆ ವಿಚಿತ್ರವಾಗಿ ಕಂಡಿತ್ತು. ರಾಕೆಟ್ಟಿನವರು ಇಂಥ ದಿನ ಹೋಗುತ್ತದೆ ಎಂದು ಮಾತು ಕೊಡುವುದಿಲ್ಲವಂತೆ, ಇಂಥ ದಿನಕ್ಕಿಂತ ಮೊದಲು ಹೋಗುವುದಿಲ್ಲ ಎಂದಷ್ಟೇ ಹೇಳುತ್ತಾರಂತೆ. "ಪ್ರಾಮಾಣಿಕ ಮಂದಿ ಬಾಯಾರ. ತಮಗ ಗೊತ್ತಿದ್ದಷ್ಟೇ ಹೇಳ್ತಾರ" ಎಂದು ಗುರೂಜಿಗೆ ಅವರ ಮೇಲೆ ಗೌರವ. ಬರಬರುತ್ತ ಈ ಮಾತು ಅವರ ಬಾಯಿಗೂ ಹತ್ತಿತು. ಪರೀಕ್ಷೆ ಪೇಪರ್ ಯಾವಾಗ ತಿದ್ದಿ ಕೊಡುತ್ತೀರಿ ಎಂದರೆ "ಸೋಮವಾರಕಿಂತ ಮೊದಲಲ್ಲ." ಯಾವಾಗ ಊಟಕ್ಕೆ ಬರುತ್ತೀರಿ ಎಂದರೂ ಅದೇ.

ಪತ್ರಿಕೆಯವರನ್ನು ಅವರು ನಂಬುತ್ತಿರಲಿಲ್ಲ, ಟಿವಿಯವರನ್ನಂತೂ ಇಲ್ಲವೇ ಇಲ್ಲ. ಅವರು ನಂಬಿದ್ದು ಹಡಗಿನವರಿಗೆ, ವಿಮಾನದವರಿಗೆ ಹೊರಡುವ ನೋಟೀಸನ್ನು. ರಾಕೆಟ್ ಹಾರುವ ಮೊದಲು ಸಮುದ್ರದ ಇಂಥ ಪಟ್ಟಿಯಲ್ಲಿ ಇಂಥ ದಿನ ಯಾರೂ ಬರಬೇಡಿ ಎಂದು ಎಚ್ಚರಿಸುತ್ತಾರಂತೆ, ತುಂಡುಗಳು ಬೀಳುತ್ತವೆಯೆಂದು. ಅದನ್ನು ಫೋನಿನಲ್ಲಿ ಹುಡುಕಿ ತೆಗೆದು, ಶಾಲೆಯ ಹಳೇ ಅಟ್ಲಾಸಿನಲ್ಲಿ ಬಂಗಾಳ ಕೊಲ್ಲಿಯ ನೀಲಿಯ ಮೇಲೆ ಪೆನ್ಸಿಲ್ಲಿನಿಂದ ಉದ್ದನೆಯ ಚೌಕ ಎಳೆಯುವರು. ಜನ್ಮದಲ್ಲಿ ಸಮುದ್ರ ಕಂಡವರಲ್ಲ. "ಮೀನುಗಾರ್ರಿಗಿ ಬರಬ್ಯಾಡ್ರಿ ಅಂದಾರಂದ್ರ ಖರೆ ಹೊಂಟದ ಅಂತ ಅರ್ಥ" ಎಂದು ಹೇಳಿ, ಎರಡು ದಿನ ಬಿಟ್ಟು ನೋಟೀಸು ಹಿಂದಕ್ಕೆ ತಗೊಂಡರು ಎಂದು ತಿಳಿದಾಗ ಸದ್ದಿಲ್ಲದೆ ರಬ್ಬರಿನಿಂದ ಚೌಕ ಅಳಿಸುವರು. ಆ ಅಟ್ಲಾಸಿನಲ್ಲಿ ಬಂಗಾಳ ಕೊಲ್ಲಿ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು.

ಇಷ್ಟೆಲ್ಲ ರಾಕೆಟ್ಟುಗಳನ್ನು ಬೆನ್ನುಹತ್ತಿದರೂ ಅವರಿಗೆ ಬೇಕಾದದ್ದು ಒಂದೇ ಉಪಗ್ರಹ. ನೆಲದ ಕದಲಿಕೆಯನ್ನು ಮೇಲಿನಿಂದ ನೋಡುವ ಉಪಗ್ರಹವದು. ಮೋಡವಿರಲಿ, ಕತ್ತಲಿರಲಿ, ನೆಲ ಬೆರಳಷ್ಟು ಉಬ್ಬಿದರೂ ಕುಸಿದರೂ ಅದಕ್ಕೆ ಕಾಣುತ್ತದಂತೆ. ಉಳಿದವುಗಳ ಲೆಕ್ಕ ಯಾಕೆಂದರೆ, ಒಂದು ತಡವಾದರೆ ಅದರ ಹಿಂದಿನದೂ ತಡ, ಅದರ ಹಿಂದಿನದೂ ತಡ. ಸಾಲಿನಲ್ಲಿ ನಿಂತವನು ಮುಂದಿನವರನ್ನೆಲ್ಲ ನೋಡಬೇಕಲ್ಲ.

"ಅದು ಮ್ಯಾಲ ಹೋದ್ರ ಭೂಕಂಪ ಮೊದ್ಲೇ ಹೇಳ್ತದೇನ್ರಿ?" ಎಂದು ಕೇಳಿದ್ದೆ.

"ಇಲ್ಲ. ಯಾವ್ದೂ ಹೇಳಲ್ಲ. ಅದನ್ನ ಯಾರ ಕೈಲೂ ಆಗಲ್ಲ."

"ಮತ್ತ ಅದ್ರಿಂದ ಏನ್ ಬಂತು?"

"ನೋಡ್ಕೋತ ಇರ್ತದ ಬಾಯಾರ. ನಾವು ಮಲ್ಕೊಂಡಾಗ ಯಾರರೆ ಒಬ್ರು ನೋಡ್ಕೋತ ಇರ್ಬೇಕು."

ಅವರ ಹೆಂಡತಿ ಉದಗೀರಿನವರು. ನಾನು ಅತ್ತಿಗೆಯೆಂಬಂತೆ ವೈನಿ ಎಂದು ಕರೆಯುತ್ತಿದ್ದೆ. ಗಟ್ಟಿ ದನಿ, ಗಟ್ಟಿ ನಗು. ಮದುವೆಯಾಗಿ ಬಂದಾಗಿನಿಂದ ಅವರು ಬಾಳಿದ್ದು ತಗಡಿನ ಮನೆಯಲ್ಲಿ. ಗೋಡೆಯೂ ತಗಡು, ಮೇಲೂ ತಗಡು. ಬಿದ್ದರೆ ಕೊಲ್ಲಬಾರದು ಎಂಬ ಲೆಕ್ಕದಲ್ಲಿ ಗುರೂಜಿ ಕಟ್ಟಿಸಿದ ಮನೆ. ಚಳಿಗೆ ಚಳಿ, ಬೇಸಿಗೆಯಲ್ಲಿ ಕುಲುಮೆ. ವೈನಿ ಯಾವತ್ತೂ ಜಗಳಕ್ಕೆ ನಿಂತವರಲ್ಲ. ಒಮ್ಮೆ ಮಾತ್ರ ಭಾರಿ ಮಳೆಯಲ್ಲಿ ಅವರ ಮನೆಗೆ ಹೋಗಿ ಸಿಕ್ಕಿಬಿದ್ದಿದ್ದೆ. ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಎದುರಿಗೆ ಕೂತವರ ಮಾತೂ ಕೇಳಿಸದು. ವೈನಿ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದರು: "ನನಗೇನ್ ಬಂಗಲಾ ಬೇಕಾಗಿಲ್ರಿ ಬಾಯಾರ. ಮಳಿ ಬಂದಾಗ ಮನ್ಯಾಗಿನ ಮಾತು ಕೇಳ್ಸಬೇಕು. ಅಷ್ಟೇ."

ಅವರಿಗೆ ಬೇಕಾದದ್ದು ಇಷ್ಟೇ, ಒಂದು ಗಟ್ಟಿ ಮಾಡು. ಅದನ್ನು ತಮ್ಮನೇ ಕಟ್ಟಿಕೊಟ್ಟ. ತಗಡಿನ ಮನೆಯ ಎದುರಿಗೇ, ಬೇವಿನ ಗಿಡ ಬಿಟ್ಟು ಆಚೆ. ಕಟ್ಟುವಾಗ ಗುರೂಜಿ ದಿನಾ ಹೊರಗೆ ನಿಂತು ಪ್ರಶ್ನೆ ಕೇಳಿ ಕೇಳಿ ಅವನ ತಲೆ ತಿಂದರು. "ಎಷ್ಟ್ ಲೋಖಂಡ ಹಾಕೀನಿ ಗೊತ್ತದೇನ್ರಿ ಮಾಮಾ? ಊರಿಗಿ ಊರೇ ಬಿದ್ರೂ ಇದು ನಿಂದರ್ತದ" ಎಂದು ಅವನು ಕಬ್ಬಿಣದ ಸರಳುಗಳನ್ನು ತೋರಿಸಿ ರೇಗಿದ. ಗುರೂಜಿ ಒಪ್ಪಿದರು. ಆದರೆ ಒಂದು ಮಾತು ಇಟ್ಟರು: ಆ ಉಪಗ್ರಹ ಹಾರಲಿ, ಹಾರಿದ ಮರುದಿನವೇ ಗೃಹಪ್ರವೇಶ.

ಆಗ ತಾರೀಖು ಹತ್ತಿರವೇ ಇತ್ತು. ಎಲ್ಲರೂ ನಕ್ಕು ಹೂಂ ಎಂದರು. ಅಯ್ಯನವರನ್ನು ಕರೆಸಿ ಮುಹೂರ್ತ ಕೇಳಿದ್ದಾಯಿತು, ಬಾಗಿಲಿಗೆ ಮಾವಿನೆಲೆಯ ತೋರಣವನ್ನೂ ವೈನಿ ಅವಸರದಲ್ಲಿ ಕಟ್ಟಿಬಿಟ್ಟಿದ್ದರು. ತಾರೀಖು ಮುಂದೆ ಹೋಯಿತು. ಇನ್ನೊಂದು ಮುಹೂರ್ತ. ಮತ್ತೆ ಮುಂದೆ. ಅಯ್ಯನವರು ಸಹಿಸುವಷ್ಟು ಸಹಿಸಿ, "ನಾ ಪಂಚಾಂಗ ನೋಡ್ತೀನಿ ಗುರೂಜಿ, ನೀವು ಫೋನ್ ನೋಡ್ತೀರಿ. ಇಬ್ರೊಳಗ ಒಬ್ರು ನೋಡೋಣ" ಎಂದು ಎದ್ದು ಹೋದರು. ತೋರಣ ಒಣಗಿ ಕಪ್ಪಾಗಿ ನೇತಾಡುತ್ತಿತ್ತು. ತೆಗೆದರೆ ಅಪಶಕುನ ಎಂದು ಒಬ್ಬರು, ಬಿಟ್ಟರೆ ಅಪಶಕುನ ಎಂದು ಇನ್ನೊಬ್ಬರು.

ಕಟ್ಟಿ ಮುಗಿದ ಮನೆಗೆ ಬೀಗ ಹಾಕಿಟ್ಟರೆ ಊರಿಗೆ ಮಾತು ಹುಟ್ಟದೆ ಇರುತ್ತದೆಯೇ? ಆ ಜಾಗ ಸರಿಯಿಲ್ಲವಂತೆ ಎಂದರು. ಪಾಯ ಅಗೆಯುವಾಗ ಏನೋ ಸಿಕ್ಕಿತ್ತಂತೆ ಎಂದರು. ನಾನು ಇಂಥದ್ದನ್ನು ನಂಬುವವಳಲ್ಲ. ಆದರೂ ಹಾದು ಹೋಗುವಾಗ ಆ ಮುಚ್ಚಿದ ಕಿಟಕಿಗಳನ್ನು ನೋಡದಂತೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಒಂದು ಬೇಸಿಗೆಯಲ್ಲಿ ಹೊರಗಿನ ಪ್ಲಾಸ್ಟರಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಗೌಂಡಿ ಬಂದು ಉಗುರಿನಿಂದ ಕೆರೆದು, ಇದು ಬಿಸಿಲಿನದು, ಮೇಲಿನ ಗಾರೆಯಷ್ಟೇ ಎಂದ. ಗುರೂಜಿ ಬಿರುಕಿನ ತುದಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿದರು. ಪ್ರತಿದಿನ ಶಾಲೆಗೆ ಹೊರಡುವ ಮೊದಲು ಹೋಗಿ, ಬಿರುಕು ಗುರುತು ದಾಟಿದೆಯೋ ಎಂದು ನೋಡುವರು. ದಾಟಿರುತ್ತಿರಲಿಲ್ಲ. ಆದರೂ ಮರುದಿನ ನೋಡುವರು.

ವೈನಿ ಮಾತ್ರ ಹೊಸ ಮನೆಯ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡೇ ಇರುತ್ತಿದ್ದರು. ಬೆಳಿಗ್ಗೆ ಬೀಗ ತೆಗೆದು ಕಸ ಗುಡಿಸಿ, ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಮತ್ತೆ ಬೀಗ ಹಾಕುವರು. ಒಳಗೆ ಕೂರುತ್ತಿರಲಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಲೂ ಯಾರಿಗೂ ಬಿಟ್ಟಿರಲಿಲ್ಲ, ಮೊದಲು ಹಾಲು ಉಕ್ಕಬೇಕು ಎಂದು.

"ಬಿಸಿಲಿನ್ಯಾಗ ತಗಡಿನ ಕೆಳಗ ಯಾಕ ಬೇಯ್ತೀರಿ? ಹೋಗಿ ಆ ಮನ್ಯಾಗಿನ ತಂಪ್ ಫರ್ಸಿ ಮ್ಯಾಲ ಒಂದ್ ಘಳಿಗಿ ಮೈ ಚೆಲ್ರಿ. ಯಾರ್ ಕೇಳ್ತಾರ?" ಎಂದು ನಾನು ಬೈದೆ.

"ನಾ ಒಳಗ ಹೋದ್ನಂದ್ರ ಅವ್ರು ಬೇವಿನ ಗಿಡದ ಬುಡಕ್ಕ ಬಂದು ನಿಂದರ್ತಾರ್ರಿ. ಮಾರಿ ನೋಡೂಹಾಂಗ ಇರಲ್ಲ. ಕಸ ಹೊಡ್ಯೂತನ ನಿಂದರ್ತಾರ. ಅವ್ರನ್ನ ಅಷ್ಟೊತ್ತು ನಿಲ್ಲಸ್ಲಾಕ ನನಗ ಆಗಲ್ಲ" ಎಂದರು ವೈನಿ. ಹಟದಲ್ಲಿ ಗಂಡ ಹೆಂಡತಿ ಸರಿಜೋಡಿ ಎಂದು ನಾನು ಗೊಣಗಿದೆ. ಅದು ಹಟವಲ್ಲವೆಂದು ಗೊತ್ತಿದ್ದೇ ಗೊಣಗಿದೆ.

ತಾರೀಖು ಬದಲಾದಾಗಲೆಲ್ಲ ಗುರೂಜಿ ಮೊದಲು ಹೇಳುತ್ತಿದ್ದುದು ವೈನಿಗೆ. ನಾನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. "ಮತ್ತ ಮುಂದ ಹೋಗ್ಯಾದ" ಎಂದು ಇವರು. "ಹೋಗ್ಲಿ ಬಿಡ್ರಿ, ಅದಕ್ಕೇ ಅವಸರ ಇಲ್ಲ" ಎಂದು ಅವರು. ಯಾವಾಗಲೂ ಇದೇ ಮಾತು, ಇದೇ ಉತ್ತರ. ಹೀಗೆ ಹೇಳಿದ ದಿನ ಗುರೂಜಿಯ ಹಸಿವೆ ತೆರೆದುಕೊಳ್ಳುತ್ತಿತ್ತು ಎಂಬುದನ್ನು ನಾನು ಗಮನಿಸಿದ್ದು ತಡವಾಗಿ. ತಾರೀಖು ಗಟ್ಟಿಯಾಗಿ ನಿಂತಿದ್ದಾಗ ಅವರು ಡಬ್ಬಿ ಬಿಚ್ಚದೆ ಮನೆಗೆ ವಾಪಸ್ ಒಯ್ಯುವರು. ಮುಂದೆ ಹೋಯಿತು ಎಂದು ತಿಳಿದ ಕೂಡಲೇ ಎರಡು ರೊಟ್ಟಿ ಹೆಚ್ಚಿಗೆ. ಈ ಮನುಷ್ಯ ಅದು ಹಾರಲೆಂದು ಕಾಯುತ್ತಿದ್ದಾನೋ, ಹಾರದಿರಲೆಂದು ಕಾಯುತ್ತಿದ್ದಾನೋ ಎಂದು ನನಗೆ ಹೆದರಿಕೆಯಾಯಿತು.

ಅದಕ್ಕೆ ಉತ್ತರ ನಿಲಂಗಾದಲ್ಲಿ ಸಿಕ್ಕಿತು. ಶಿಕ್ಷಕರ ತರಬೇತಿಗೆಂದು ನಾವಿಬ್ಬರೂ ಹೋಗಿದ್ದೆವು. ಮಳೆಗಾಲ ಮುಗಿದಿತ್ತು. ನಿಲಂಗಾ ಸುತ್ತಿನ ಹಳ್ಳಿಗಳಲ್ಲಿ ಆಗೀಗ ನೆಲದೊಳಗಿನಿಂದ ಸದ್ದು ಬರುತ್ತದೆ. ಕಲ್ಲಿನ ಸಂದಿಗೆ ಮಳೆನೀರು ಇಳಿದು ಹಾಗಾಗುತ್ತದೆ, ಅಂಜಬೇಡಿ ಎಂದು ಸರಕಾರಿ ಸಾಹೇಬರು ಬಂದಾಗಲೆಲ್ಲ ಹೇಳಿ ಹೋಗುತ್ತಾರೆ. ಆ ಮಧ್ಯಾಹ್ನವೂ ಬಂತು. ದೂರದಲ್ಲಿ ಯಾರೋ ದೊಡ್ಡ ಬೀಸುಕಲ್ಲು ಒಮ್ಮೆ ತಿರುಗಿಸಿ ಬಿಟ್ಟಂಥ ಸದ್ದು, ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯಿತು. ನಾವೆಲ್ಲ ಬಿದ್ದು ಎದ್ದು ಹೊರಗೆ ಬಂದೆವು. ಗುರೂಜಿ ಆಗಲೇ ಮೈದಾನದ ನಡುವೆ ನೆಲದ ಮೇಲೆ ಕೂತಿದ್ದರು, ಎರಡೂ ಅಂಗೈ ಮಣ್ಣಿಗೆ ಊರಿ. ನಾನು ಹತ್ತಿರ ಹೋಗಿ ಕೂತೆ. ಕೇಳದೆಯೇ ಹೇಳಿದರು.

"ವರ್ಷಗಟ್ಲೆ ಹಿಂಗೇ ಸಣ್ಣಗ ಅಲುಗಾಡ್ಲತ್ತಿತ್ತು ಬಾಯಾರ, ನಮ್ಮೂರಾಗ. ಲೋಹಾರಾ ಕಡಿ ನಮ್ಮೂರು. ಅವ್ವ ಅಂಜಿ ಅಂಗಳದಾಗ ಮಲ್ಕೋತಿದ್ಳು. ಕಲ್ಲಿನ ಗ್ವಾಡಿ, ಮ್ಯಾಲ ಮಣ್ಣು ಹೇರಿದ ಮಾಳಗಿ ನಮ್ದು. ನಾ ಸಾಯನ್ಸ್ ಕಲ್ತವ. ಏನೂ ಆಗಲ್ಲ, ಮಂದಿ ನಗ್ಲತ್ತಾರ, ಒಳಗ ಹೋಗಿ ಮಲ್ಕೋ ಅಂತ ಬೈದೆ. ಗಣಪತಿ ಕಳಿಸಿದ ರಾತ್ರಿ. ಬೈದು, ನಾ ಹೊಲ ಕಾಯ್ಲಾಕ ಹೋದೆ."

ನಾನೂ ಅಂಗೈ ಮಣ್ಣಿಗೆ ಊರಿದೆ.

"ನನ್ ಮಾತು ಕೇಳಿ ಒಳಗ ಹೋಗಿದ್ಳು."

ಹೆಬ್ಬೆರಳಿನಿಂದ ನೆಲದ ಮೇಲಿನ ಏನನ್ನೋ ಒರೆಸಿದರು. ಅಲ್ಲಿ ಏನೂ ಇರಲಿಲ್ಲ.

"ಈಗ ಮನ್ಯಾಗ ಈಕಿಗಿ ಯಾವ ಬಾಯಿಲಿ ಹೇಳ್ಲಿ, ಏನೂ ಆಗಲ್ಲ, ಒಳಗ ಮಲ್ಕೋ ಅಂತ? ಮ್ಯಾಲ ಯಾರರೆ ನೋಡ್ಲತ್ತಾರ ಅಂತ ಆದ್ರ, ಆವಾಗ ಹೇಳ್ತೀನಿ."

ಅಂದಿನಿಂದ ಅವರನ್ನು ಚೇಷ್ಟೆ ಮಾಡುವುದನ್ನು ಬಿಟ್ಟೆ. ಹಲಗೆಯ ನನ್ನ ಕೊನೆಯ ಸಾಲನ್ನೂ ಅವರಿಗೇ ಬಿಟ್ಟುಕೊಟ್ಟೆ.

ಮರುವರ್ಷದ ಬೇಸಿಗೆ ಕೆಟ್ಟದ್ದಾಗಿತ್ತು. ವೈನಿಗೆ ಸಕ್ಕರೆ ಕಾಯಿಲೆ ಇತ್ತು, ಬಿಸಿಲು ತಡೆಯುತ್ತಿರಲಿಲ್ಲ. ತಾರೀಖು ಈ ಸಲ ಹತ್ತಿರ ಬಂದಿತ್ತು, ಬಂಗಾಳ ಕೊಲ್ಲಿಯಲ್ಲಿ ಚೌಕ ಎಳೆದಾಗಿತ್ತು, ಗುರೂಜಿ ಊಟ ಬಿಟ್ಟಿದ್ದರು. ವೈನಿ ಗೃಹಪ್ರವೇಶಕ್ಕೆಂದು ಹೊಸ ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿದ್ದರು. ಒಂದು ಮಧ್ಯಾಹ್ನ ಗುರೂಜಿ ಬೇವಿನ ಗಿಡದ ನೆರಳಿನಲ್ಲಿ ಕೂತು ಫೋನ್ ನೋಡುತ್ತಿದ್ದಾಗ, ತಗಡಿನ ಮನೆಯೊಳಗೆ ವೈನಿ ಬಿದ್ದರು. ದವಾಖಾನೆಗೆ ಒಯ್ಯುವ ದಾರಿಯಲ್ಲೇ ಹೋದರು. ಡಾಕ್ಟರು ಸಕ್ಕರೆ, ರಕ್ತದೊತ್ತಡ ಎಂದು ಏನೇನೋ ಹೇಳಿದರು. ಕಾದ ತಗಡು ಕೊಂದಿತು ಎಂದು ನಾನು ಹೇಳುತ್ತೇನೆ. ಗುರೂಜಿಯ ಎದುರಿಗೂ ಹೇಳಿದೆ, ಅಷ್ಟು ಸಿಟ್ಟು ಬಂದಿತ್ತು ನನಗೆ. ಅವರು ಇಲ್ಲ ಎನ್ನಲಿಲ್ಲ.

ಹೆಣ ಮನೆಗೆ ಬಂತು. ಕೂರಿಸಬೇಕು. ತಗಡಿನ ಮನೆಯಲ್ಲಿ ಒರಗಿಸಲು ಗೋಡೆಯೇ ಇಲ್ಲ. ಮುಟ್ಟಿದರೆ ಸುಡುವ, ಒತ್ತಿದರೆ ಬಾಗುವ ತಗಡು. ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಗೌಂಡಿಯೇ ಬಾಗಿ ಅಕ್ಕನ ಸೆರಗಿನ ಗಂಟು ಬಿಚ್ಚಿ, ಕೀಲಿ ತೆಗೆದು, ಹೋಗಿ ಬೀಗ ತೆರೆದ.

ವೈನಿ ಬೆಳಿಗ್ಗೆ ಬಿಟ್ಟ ರಂಗೋಲಿಯ ಮೇಲೆ ಅವರನ್ನೇ ಹೊತ್ತುಕೊಂಡು ಒಳಗೆ ಹೋದರು. ಮೂಡಣ ಗೋಡೆಗೆ ಗೌಂಡಿ ಮೊಳೆ ಹೊಡೆದ. ಆ ಗೋಡೆಗೆ ಬಿದ್ದ ಮೊದಲ ಮೊಳೆ. ಒಂದೊಂದು ಪೆಟ್ಟಿಗೂ ಖಾಲಿ ಮನೆ ದೊಡ್ಡದಾಗಿ ಮಾರುತ್ತರ ಕೊಡುತ್ತಿತ್ತು. ಬೇವಿನ ಗಿಡದ ಕೆಳಗೆ ಗುರೂಜಿ ಒಂದೊಂದು ಪೆಟ್ಟಿಗೂ ಕಣ್ಣು ಮುಚ್ಚಿ ತೆರೆಯುತ್ತಿದ್ದರು.

ವಿಭೂತಿ ಹಚ್ಚಿ, ಹೂ ಹಾಕಿ, ಭಜನೆಯವರು ಬಂದು ಕೂತ ಮೇಲೆ ಅವರು ಬಂದರು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರು. ಒಮ್ಮೆ ತಲೆಯೆತ್ತಿ ಸ್ಲ್ಯಾಬನ್ನು ನೋಡಿದರು. ಆಮೇಲೆ ಒಳಗೆ ಬಂದು ವೈನಿಯ ಪಕ್ಕ, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತರು. ಭಜನೆ ನಡೆದಿತ್ತು. ಅವರ ಜೇಬಿನಲ್ಲಿ ಫೋನ್ ಒಂದೇ ಸಮ ಗುಂಯ್‌ಗುಡತೊಡಗಿತು. ಯಾರೋ ನೆಂಟರಿರಬೇಕು, ನೋಡಿ ಎಂದು ಪಕ್ಕದವರು ಮೊಣಕೈಯಿಂದ ತಿವಿದರು. ಗುರೂಜಿ ಫೋನ್ ತೆಗೆದು ನೋಡಿದರು. ಓದಿ ಮುಗಿಸಿ, ಹೆಂಡತಿಯ ಕಡೆ ತಿರುಗಿ, ದಿನಾ ಹೇಳುವ ದನಿಯಲ್ಲೇ ಹೇಳಿದರು.

"ಮತ್ತ ಮುಂದ ಹೋಗ್ಯಾದ."

ಹೇಳಿ ಉತ್ತರಕ್ಕೆ ಕಾದರು. ನಾನು ಎದುರಿಗೇ ಕೂತಿದ್ದೆ, ನೋಡಿದೆ. ಅವರು ನಿಜವಾಗಿಯೂ ಕಾದರು. ಆ ಮನೆಯಲ್ಲಿ ಎಲ್ಲರ ಮಾತೂ ಚೆನ್ನಾಗಿ ಕೇಳಿಸುತ್ತಿತ್ತು.

ಅದಾದ ಮೇಲೆ ಅವರು ತಗಡಿನ ಮನೆಗೆ ಹಿಂತಿರುಗಲಿಲ್ಲ. ಪಡಸಾಲೆಯ ಆ ಗೋಡೆಯ ಬುಡದಲ್ಲೇ ಹಾಸಿಗೆ. ಮೊಳೆಗೆ ಮನೆಯ ಕೀಲಿ ತೂಗುಹಾಕಿದ್ದರು, ಮತ್ತೆಂದೂ ಬೀಗ ಹಾಕಲಿಲ್ಲ. ಶಾಲೆಗೆ ಬಂದರೂ ಹಲಗೆಯ ಕಡೆ ಹೋಗುತ್ತಿರಲಿಲ್ಲ. ವೈನಿ ಹೋದ ವಾರದ ತಾರೀಖೇ ಅಲ್ಲಿ ಉಳಿಯಿತು, ಅದರ ಎದುರು ಅದೇ ಮಾತು. ಅಳಿಸಿ ನನ್ನ ಒಳ್ಳೆಯ ಮಾತು ಬರೆಯಲು ನನಗೂ ಕೈ ಬರಲಿಲ್ಲ. ಬಾಗಿಲ ಪಕ್ಕದ ಕುರ್ಚಿಯನ್ನು ಅವರು ಬಿಟ್ಟುಕೊಟ್ಟರು. ತಂಬಿಗೆಯ ನೀರನ್ನು ಈಗ ಕುಡಿಯುತ್ತಿದ್ದರು. ಹೆಬ್ಬೆರಳು ಎಲ್ಲರ ಹೆಬ್ಬೆರಳಿನಂತಾಯಿತು. ಗುರೂಜಿ ಸುಧಾರಿಸಿದರು ಎಂದು ಊರು ಹೇಳಿತು. ನನಗೆ ಮಾತ್ರ ಮೊದಲಿನ ಗುರೂಜಿಗಿಂತ ಈ ಗುರೂಜಿಯನ್ನು ಕಂಡರೆ ಹೆಚ್ಚು ಭಯವಾಗುತ್ತಿತ್ತು.

ಮಳೆಗಾಲದಲ್ಲಿ ಒಂದು ಸಂಜೆ ಆ ಉಪಗ್ರಹ ಕೊನೆಗೂ ಹಾರಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೇ ಫೋನಿನ ಸುತ್ತ ಕೂಡಿ ನೋಡಿದೆವು. ಅವರು ಆ ದಿನ ರಜೆಯಲ್ಲಿದ್ದರು. ಸುದ್ದಿ ಹೇಳಲೆಂದು ಅಲ್ಲಿಂದಲೇ ಅವರ ಮನೆಗೆ ಹೋದೆ. ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ತೂಗಿ ನೋಡಿದ್ದೆ. ಅವರು ಚಹಾ ಮಾಡಿ ಕೊಟ್ಟು, ಗೋಡೆಗೆ ಒರಗಿ ಕೂತರು.

"ಇವತ್ತ ಹೋತ್ರಿ ಗುರೂಜಿ. ಛಂದ ಹೋತು" ಎಂದೆ.

"ಯಾವ್ದು?" ಎಂದರು.

ಅಣಕವಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಬಿಡಿಸಿ ಹೇಳಿದೆ. "ಹಾಂ, ಹೋತೇನು" ಎಂದು ಬಸಿಯಲ್ಲಿದ್ದ ಚಹಾವನ್ನು ಊದಿದರು. ಈಗ ಮೇಲಿನಿಂದ ನೋಡುವವರಿದ್ದಾರೆ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅಂಗಾಲಿಗೆ ತಿಳಿಯಿತು. ನಿಲಂಗಾದಲ್ಲಿ ಕೇಳಿದ್ದ ಅದೇ ಬೀಸುಕಲ್ಲು. ಈ ಸಲ ದೂರವಿರಲಿಲ್ಲ, ಉಮರ್ಗಾದ ಅಡಿಯಲ್ಲೇ. ಅಡುಗೆಮನೆಯ ಪಾತ್ರೆಗಳು ಗಿಲಿಗುಟ್ಟಿದವು, ಮೊಳೆಯ ಮೇಲಿನ ಕೀಲಿ ಗೋಡೆಗೆ ಬಡಿಯಿತು. ನಾನು ಚಹಾದ ಕಪ್ಪು ಎಲ್ಲಿಟ್ಟೆನೋ ನೆನಪಿಲ್ಲ. ಬರಿಗಾಲಲ್ಲಿ ಅಂಗಳದಲ್ಲಿದ್ದೆ, ಬೇವಿನ ಗಿಡ ಹಿಡಿದು ನಿಂತು ಕೂಗುತ್ತಿದ್ದೆ.

"ಹೊರಗ ಬರ್ರಿ ಗುರೂಜಿ! ಲಗೂ ಬರ್ರಿ!"

ತೆರೆದ ಬಾಗಿಲಲ್ಲಿ ಅವರು ಕಾಣುತ್ತಿದ್ದರು. ಮೊಳೆಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ಬಸಿ ಕೈಯಲ್ಲೇ ಇತ್ತು.

"ನೀವು ಅಲ್ಲೇ ನಿಂದರ್ರಿ ಬಾಯಾರ" ಎಂದರು. ದನಿ ಏರಿಸಲಿಲ್ಲ. "ಅವ್ವ ಹೋದಾಗ ನಾ ಹೊರಗಿದ್ದೆ. ಈಕಿ ಹೋದಾಗೂ ಹೊರಗೇ ಇದ್ದೆ. ಇನ್ನ ಬರಲ್ಲ ನಾ."

ಸದ್ದು ನಿಂತಿತು. ಬೀದಿಯ ತುಂಬ ಜನ ಹೊರಗೆ ನಿಂತು ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಗುರೂಜಿ ಎದ್ದು, ನನ್ನ ಕಪ್ಪನ್ನು ಹುಡುಕಿ, ಹೊಸ್ತಿಲಿನವರೆಗೆ ತಂದು ಕೈ ಚಾಚಿದರು. ಮತ್ತೆ ಒಳಗೆ ಹೋಗುವ ಧೈರ್ಯ ನನಗಿರಲಿಲ್ಲ. ಅವರು ಅಷ್ಟು ವರ್ಷ ನಿಲ್ಲುತ್ತಿದ್ದ ಜಾಗದಲ್ಲೇ, ಬೇವಿನ ಗಿಡದ ಬುಡದಲ್ಲಿ ನಿಂತು, ಆ ಮನೆಯನ್ನು ನೋಡುತ್ತ ಚಹಾ ಕುಡಿದು ಮುಗಿಸಿದೆ.